ಆಡದ ಆಟಕ್ಕೆ ರೇಟಿಂಗ್ ಇಲ್ಲ

ಪತ್ರಿಕೆಯ ಜಿಲ್ಲಾ ಪುಟವನ್ನು ಅರಸೀಕೆರೆಯಲ್ಲಿ ಓದುವ ಕ್ರಮವೇ ಬೇರೆ. ಮೊದಲು ಕೊಬ್ಬರಿ ಧಾರಣೆ, ಆಮೇಲೆ ನಿಧನ ವಾರ್ತೆ, ಆಮೇಲೆ ‘ಅವಿರೋಧ ಆಯ್ಕೆ’. ಈ ಮೂರನೆಯದು ಇಲ್ಲದ ದಿನವೇ ಕಡಿಮೆ. ಪತ್ತಿನ ಸಹಕಾರ ಸಂಘಕ್ಕೆ ಅವಿರೋಧ, ಡೇರಿಗೆ ಅವಿರೋಧ, ದೇವಸ್ಥಾನದ ಸಮಿತಿಗೆ ಅವಿರೋಧ, ನೌಕರರ ಸಂಘಕ್ಕೆ ಅವಿರೋಧ. ಫೋಟೊದಲ್ಲಿ ಒಂದು ಹಾರ, ಒಂದು ಶಾಲು, ಸುತ್ತ ಹತ್ತು ಹನ್ನೆರಡು ತಲೆ. ಕೆಳಗೆ ಪ್ರತಿಸಲವೂ ಅದೇ ವಾಕ್ಯ: ಎಲ್ಲರ ಸಹಕಾರದಿಂದ ಸಂಘವನ್ನು ಅಭಿವೃದ್ಧಿಪಡಿಸುವುದಾಗಿ ನೂತನ ಅಧ್ಯಕ್ಷರು ತಿಳಿಸಿದರು. ನಮ್ಮ ಕಡೆ ಅವಿರೋಧವಾಗಿ ಬಂದವನು ದೊಡ್ಡ ಮನುಷ್ಯ. ಎರಡು ಮತದಿಂದ ಗೆದ್ದವನು ಊರು ಒಡೆದವನು.

ಈ ನಂಬಿಕೆ ಡೇರಿ, ಸೊಸೈಟಿಗಳ ಹೊಸ್ತಿಲಲ್ಲೇ ನಿಂತಿದ್ದರೆ ನಾನು ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಅದು ಚದುರಂಗದ ಮನೆಯನ್ನೂ ಹೊಕ್ಕಿದೆ. 2024ರ ಮಾರ್ಚ್‌ನಲ್ಲಿ ಅಖಿಲ ಭಾರತ ಚೆಸ್ ಫೆಡರೇಷನ್ನಿನ ಅಧ್ಯಕ್ಷ ಸ್ಥಾನಕ್ಕೆ ಹರಿಯಾಣದ ನಿತಿನ್ ನಾರಂಗ್ ಅವಿರೋಧವಾಗಿ ಆಯ್ಕೆಯಾದರು. ಅದೇ ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಭಾರತದ ಓಪನ್ ತಂಡವೂ ಮಹಿಳಾ ತಂಡವೂ ಚಿನ್ನ ಗೆದ್ದವು. ಡಿಸೆಂಬರ್ 12ರಂದು ಸಿಂಗಪುರದಲ್ಲಿ ಹದಿನೆಂಟರ ಗುಕೇಶ್ ಚೀನಾದ ಡಿಂಗ್ ಲಿರೆನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. ಎರಡಕ್ಕೆ ಎರಡು ಕೂಡಿಸಲು ಯಾರಿಗೆ ಬರುವುದಿಲ್ಲ? ಮಕ್ಕಳನ್ನು ಟೂರ್ನಿಗೆ ಕರೆದೊಯ್ಯುವ ಅಪ್ಪಂದಿರಿಂದ ಹಿಡಿದು ಹಳೆಯ ಆಟಗಾರರವರೆಗೆ ನಾನು ಕೇಳುತ್ತಿರುವುದು ಒಂದೇ ಮಾತು: ‘ಕಿತ್ತಾಟ ನಿಂತಿತು, ಚಿನ್ನ ಬಂತು. ಇನ್ನು ಎಲೆಕ್ಷನ್ನೂ ಬೇಡ ಗಿಲೆಕ್ಷನ್ನೂ ಬೇಡ, ಹಿಂಗೇ ನಡೀಲಿ ಬಿಡಿ ಮೇಷ್ಟ್ರೇ.’

ಈ ಮಾತು ತಪ್ಪು. ಅದೂ ಚದುರಂಗ ಆಡುವವರ ಬಾಯಲ್ಲಿ ಬಂದರೆ ಇನ್ನೂ ತಪ್ಪು, ಯಾಕೆಂದರೆ ಅವರ ಆಟದ ನಿಯಮವೇ ಅವರಿಗೆ ಎದುರು ಹೇಳುತ್ತದೆ. ಟೂರ್ನಿಯಲ್ಲಿ ನಿಮ್ಮ ಎದುರಾಳಿ ಬರಲಿಲ್ಲ ಎನ್ನಿ. ಗಡಿಯಾರ ಒತ್ತುತ್ತೀರಿ, ಎದುರಿನ ಖಾಲಿ ಕುರ್ಚಿ ನೋಡುತ್ತಾ ಕೂರುತ್ತೀರಿ. ಹೊತ್ತು ಮೀರಿದ ಮೇಲೆ ಆರ್ಬಿಟರ್ ಬಂದು ಫಲಿತಾಂಶ ಬರೆದುಕೊಳ್ಳುತ್ತಾರೆ. ಒಂದು ಅಂಕ ಪೂರ್ತಿ ನಿಮ್ಮದು. ಆದರೆ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮದಂತೆ ಆಡದ ಆಟ ರೇಟಿಂಗ್ ಲೆಕ್ಕಕ್ಕೆ ಬರುವುದಿಲ್ಲ. ಒಂದು ಪಾಯಿಂಟ್ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅಂಕ ಕೊಡುತ್ತೇವೆ, ಆದರೆ ಇದನ್ನು ನಿನ್ನ ಬಲಕ್ಕೆ ಸಾಕ್ಷಿ ಎಂದು ಒಪ್ಪುವುದಿಲ್ಲ ಎನ್ನುತ್ತದೆ ನಿಯಮ. ಎಂಟು ವರ್ಷದ ಹುಡುಗನಿಗೂ ಇದು ಗೊತ್ತು. ವಾಕ್‌ಓವರ್ ಸಿಕ್ಕಾಗ ಖುಷಿಪಡುವುದು ಅಪ್ಪ, ಹುಡುಗನಲ್ಲ.

ನಾರಂಗ್ ಅವರ ಮೇಲೆ ನನಗೆ ದೂರಿಲ್ಲ. ಬಂದ ವರ್ಷವೇ 65 ಕೋಟಿ ರೂಪಾಯಿಯ ಬಜೆಟ್ ಮಂಡಿಸಿದ್ದು, ಎಳೆಯ ಆಟಗಾರರಿಗೆ ನೆರವಿನ ಯೋಜನೆ ತಂದದ್ದು ಒಳ್ಳೆಯದೇ. ನನ್ನ ತಕರಾರು ಅವರು ಬಂದ ಬಾಗಿಲಿನ ಬಗ್ಗೆ, ಆ ಬಾಗಿಲಿಗೆ ನಾವು ಕಟ್ಟುತ್ತಿರುವ ತೋರಣದ ಬಗ್ಗೆ.

ಹಾಗಾದರೆ ಎಲ್ಲರೂ ಬೈಯುವ ಆ ‘ಕಿತ್ತಾಟ’ ಏನು? 2020ರಲ್ಲಿ ಫೆಡರೇಷನ್ ಎರಡು ಹೋಳಾಯಿತು. ಒಂದು ಕಡೆ ಅಧ್ಯಕ್ಷ, ರಾಮ್ಕೋ ಸಮೂಹದ ಪಿ.ಆರ್. ವೆಂಕಟರಾಮ ರಾಜಾ; ಇನ್ನೊಂದು ಕಡೆ ಕಾರ್ಯದರ್ಶಿ ಭರತ್ ಸಿಂಗ್ ಚೌಹಾಣ್. ಪತ್ರಕ್ಕೆ ಪತ್ರ, ನೋಟಿಸಿಗೆ ನೋಟಿಸು, ಕೋರ್ಟು. ಕೊನೆಗೆ 2021ರ ಜನವರಿ 4ರಂದು ಮತದಾನ ನಡೆಯಿತು. ಪ್ರತಿ ರಾಜ್ಯ ಸಂಸ್ಥೆಗೆ ಎರಡರಂತೆ ಒಟ್ಟು ಮತ ಅರವತ್ತನಾಲ್ಕು. ಚದುರಂಗದ ಮನೆಗಳೂ ಅಷ್ಟೇ. ಬೇಕೆಂದು ಹೊಂದಿಸಿದರೂ ಇಷ್ಟು ಚೆನ್ನಾಗಿ ಹೊಂದುತ್ತಿರಲಿಲ್ಲ. ಉತ್ತರ ಪ್ರದೇಶದ ಸಂಜಯ್ ಕಪೂರ್‌ಗೆ 33, ರಾಜಾ ಅವರಿಗೆ 31. ಕಾರ್ಯದರ್ಶಿ ಸ್ಥಾನಕ್ಕೆ ಚೌಹಾಣ್‌ಗೆ 35, ಎದುರು ನಿಂತ ರವೀಂದ್ರ ಡೋಂಗ್ರೆಗೆ 29.

ಇಲ್ಲಿಂದ ಮುಂದಿನ ಕಥೆಯನ್ನು ಅವಿರೋಧದ ಭಕ್ತರು ಹೇಳುವುದೇ ಇಲ್ಲ. ಸೋತ ಡೋಂಗ್ರೆ ಸುಮ್ಮನೆ ಕೂರಲಿಲ್ಲ, ದೆಹಲಿ ಹೈಕೋರ್ಟಿಗೆ ಹೋದರು. ಅಧಿಕಾರದಲ್ಲಿದ್ದವರು ಮತ್ತೆ ಆಯ್ಕೆಯಾಗಬೇಕಾದರೆ ಮೂರನೇ ಎರಡರಷ್ಟು ಮತ ಬೇಕು ಎಂಬುದು ಆಗ ಜಾರಿಯಲ್ಲಿದ್ದ ರಾಷ್ಟ್ರೀಯ ಕ್ರೀಡಾ ಸಂಹಿತೆಯ ಷರತ್ತು. ಅರವತ್ತನಾಲ್ಕರಲ್ಲಿ ಅದು ನಲವತ್ತಮೂರು, ಚೌಹಾಣ್‌ಗೆ ಬಂದದ್ದು ಮೂವತ್ತೈದು. 2022ರ ಜೂನ್‌ನಲ್ಲಿ ಹೈಕೋರ್ಟು ಆ ಆಯ್ಕೆ ಸಂಹಿತೆಗೆ ವಿರುದ್ಧ ಎಂದಿತು. ಎದುರಿಗೆ ಒಲಿಂಪಿಯಾಡ್ ಇದ್ದುದರಿಂದ ಸುಪ್ರೀಂ ಕೋರ್ಟು ಆಗಸ್ಟ್ 15ರವರೆಗೆ ಮುಂದುವರಿಯಲು ಬಿಟ್ಟಿತು, ಅಷ್ಟೆ. ಈಗ ಯೋಚಿಸಿ: ಡೋಂಗ್ರೆ ನಾಮಪತ್ರ ಹಾಕದಿದ್ದರೆ ಮತ ಎಣಿಸುವ ಪ್ರಮೇಯವೇ ಇರುತ್ತಿರಲಿಲ್ಲ. ಎಣಿಸದಿದ್ದರೆ ನಲವತ್ತಮೂರಕ್ಕೆ ಎಂಟು ಕಡಿಮೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾರ, ಶಾಲು, ಫೋಟೊ, ಮುಗಿಯಿತು. ಸಂಹಿತೆ 2011ರಿಂದ ಪುಸ್ತಕದಲ್ಲಿತ್ತು. ಅದಕ್ಕೆ ಜೀವ ಬಂದದ್ದು ಒಬ್ಬ ಎದುರಾಳಿ ನಿಂತು ಸೋತಿದ್ದರಿಂದ.

ಆ ಕಿತ್ತಾಟದಲ್ಲಿ ದೇಶದ ಚದುರಂಗ ಹಾಳಾಗಿ ಹೋಯಿತೇ? ಉಕ್ರೇನ್ ಯುದ್ಧದ ಕಾರಣ ರಷ್ಯಾದ ಕೈತಪ್ಪಿದ ಒಲಿಂಪಿಯಾಡ್ ಭಾರತಕ್ಕೆ ಸಿಕ್ಕಿದ್ದು 2022ರ ಮಾರ್ಚ್‌ನಲ್ಲಿ. ನಾಲ್ಕೇ ತಿಂಗಳಲ್ಲಿ, ಕಾರ್ಯದರ್ಶಿಯ ಕುರ್ಚಿ ಕೋರ್ಟಿನ ಕಟಕಟೆಯಲ್ಲಿ ತೂಗಾಡುತ್ತಿರುವಾಗಲೇ, ತಮಿಳುನಾಡು ಸರ್ಕಾರದ ಬಲದಿಂದ ಮಾಮಲ್ಲಪುರದಲ್ಲಿ ಅದು ನಡೆಯಿತು. ಭಾರತಕ್ಕೆ ಎರಡು ಕಂಚು. ಗುಕೇಶ್ ಅಲ್ಲಿ ಮೊದಲ ಎಂಟು ಆಟಗಳಲ್ಲಿ ಎಂಟನ್ನೂ ಗೆದ್ದ. ಅವನು ಗ್ರ್ಯಾಂಡ್‌ಮಾಸ್ಟರ್ ಆದದ್ದು 2019ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ. ಪ್ರಗ್ಞಾನಂದ, ಅರ್ಜುನ್ ಎರಿಗೈಸಿ 2018ರಲ್ಲಿ. ಬುಡಾಪೆಸ್ಟ್‌ನಲ್ಲಿ ಚಿನ್ನ ಗೆದ್ದ ಈ ಹುಡುಗರು ಬೆಳೆದದ್ದು ಜಗಳಕ್ಕೂ ಮೊದಲು ಮತ್ತು ಜಗಳದ ಕಾಲದಲ್ಲಿ, ಅವಿರೋಧ ಆಯ್ಕೆಯ ಆಮೇಲಲ್ಲ. ಜಗಳ ಅವರನ್ನು ಬೆಳೆಸಿತು ಎಂದು ಹೇಳುವಷ್ಟು ದಡ್ಡ ನಾನಲ್ಲ. ಬೆಳೆಸಿದ್ದು ಅಪ್ಪ ಅಮ್ಮ, ಕೋಚುಗಳು, ಶಾಲೆಗಳು. ಗುಕೇಶನ ತಂದೆ ವೈದ್ಯವೃತ್ತಿ ಬದಿಗಿಟ್ಟು ಮಗನ ಜೊತೆ ಊರೂರು ತಿರುಗಿದರು. ಆದರೆ ಮಾರ್ಚ್‌ನಲ್ಲಿ ಅವಿರೋಧ ಆಯ್ಕೆ ಆಯಿತು, ಸೆಪ್ಟೆಂಬರ್‌ನಲ್ಲಿ ಚಿನ್ನ ಬಂತು ಎಂಬುದು ಸಸಿ ನೆಟ್ಟ ಆರನೇ ತಿಂಗಳಿಗೆ ಎಳನೀರು ಕುಡಿದೆ ಎಂದಂತೆ. ಅರಸೀಕೆರೆ ತಾಲ್ಲೂಕಿನವರು ಈ ಮಾತನ್ನು ನಂಬುವುದಾದರೂ ಹೇಗೆ?

ತೆಂಗಿನ ಮಾತು ಬಂತಲ್ಲ, ಮಾರುಕಟ್ಟೆಗೂ ಹೋಗಿ ಬರೋಣ. ಎಪಿಎಂಸಿ ಯಾರ್ಡಿನಲ್ಲಿ ರೈತ ಕೊಬ್ಬರಿ ಚೀಲ ಇಳಿಸಿ ಕಾಯುತ್ತಾನೆ. ವರ್ತಕರು ಬಂದು ನೋಡುತ್ತಾರೆ, ಕೈಯಲ್ಲಿ ಹಿಡಿದು ಕುಟ್ಟುತ್ತಾರೆ, ತಮ್ಮ ತಮ್ಮ ಧಾರಣೆ ಹಾಕುತ್ತಾರೆ. ಹೆಚ್ಚು ಹಾಕಿದವನಿಗೆ ಮಾಲು. ಒಂದು ದಿನ ಇಡೀ ಯಾರ್ಡಿಗೆ ಒಬ್ಬನೇ ಧಾರಣೆ ಹಾಕಿ, ಉಳಿದವರೆಲ್ಲ ಕೈಕಟ್ಟಿ ನಿಂತರು ಎನ್ನಿ. ರೈತ ಅದನ್ನು ‘ಅವಿರೋಧ ಖರೀದಿ’ ಎಂದು ಕರೆದು ಸಿಹಿ ಹಂಚುತ್ತಾನೆಯೇ? ‘ಎಲ್ಲ ಒಳಗೊಳಗೇ ಮಾತಾಡ್ಕೊಂಡವ್ರೆ’ ಎಂದು ಅಲ್ಲೇ ಗಲಾಟೆ ಎಬ್ಬಿಸುತ್ತಾನೆ. ಕೊಬ್ಬರಿಯಲ್ಲಿ ನಮಗೆ ಇಷ್ಟು ಬುದ್ಧಿ ಇದೆ. ಸಂಘದ ಕುರ್ಚಿಯ ಮಾತು ಬಂದರೆ ಅದೇ ಬುದ್ಧಿಯನ್ನು ಯಾರ್ಡಿನ ಗೇಟಲ್ಲೇ ಬಿಟ್ಟು ಬರುತ್ತೇವೆ. 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿ, ದೇವಸ್ಥಾನಕ್ಕೆ ದುಡ್ಡು ಕೊಟ್ಟವನನ್ನು ‘ಅವಿರೋಧ’ ಮಾಡಿದ್ದು ಸುದ್ದಿಯಾಯಿತು. ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಅಲ್ಲೂ ಫೋಟೊದಲ್ಲಿ ಎಲ್ಲರೂ ನಗುತ್ತಲೇ ಇದ್ದಿರಬೇಕು.

ಚೆಸ್ ಫೆಡರೇಷನ್‌ನಲ್ಲಿ ಹರಾಜು ನಡೆಯಿತು ಎಂದು ನಾನು ಹೇಳುತ್ತಿಲ್ಲ. ಅದರ ಅಗತ್ಯವೇ ಇಲ್ಲ ಎನ್ನುತ್ತಿದ್ದೇನೆ. ಅರವತ್ತು ಚಿಲ್ಲರೆ ಮತದಾರರಿರುವ ಕಡೆ ಪ್ರತಿಯೊಬ್ಬನ ಮುಖವೂ ಗೊತ್ತು, ಫೋನ್ ನಂಬರೂ ಗೊತ್ತು. ರಾಷ್ಟ್ರೀಯ ಟೂರ್ನಿ ಯಾವ ಊರಿಗೆ, ಆರ್ಬಿಟರ್ ಯಾರು, ವಿದೇಶಕ್ಕೆ ಹೋಗುವ ತಂಡದ ಜೊತೆ ಕೋಚ್ ಯಾರು, ಮ್ಯಾನೇಜರ್ ಯಾರು, ಇವೆಲ್ಲ ಗೆದ್ದ ಕಡೆಯವರ ಕೈಯಲ್ಲಿ. ಸೋಲುವ ಕಡೆ ನಿಂತರೆ ಇಡೀ ಅವಧಿ ನಮ್ಮ ರಾಜ್ಯಕ್ಕೆ ಏನು ಸಿಗುತ್ತದೆ ಎಂದು ಯಾವ ಪ್ರತಿನಿಧಿಯಾದರೂ ಲೆಕ್ಕ ಹಾಕಿಯೇ ಹಾಕುತ್ತಾನೆ. ಅವನು ಕೆಟ್ಟವನೇನಲ್ಲ, ಆಟ ಬಲ್ಲವನು. ಒಂದೇ ಕಡೆ ಗಾಳಿ ಬೀಸಿತೆಂದರೆ ಎಲ್ಲರೂ ಅದೇ ಕಡೆ ತೂರಿಕೊಳ್ಳುತ್ತಾರೆ. ಅದನ್ನು ನಾವು ಒಗ್ಗಟ್ಟು ಎನ್ನುತ್ತೇವೆ.

ಒಂದು ದೇಶಕ್ಕೆ ಒಂದೇ ಫೆಡರೇಷನ್ನನ್ನು ಫಿಡೆ ಮಾನ್ಯ ಮಾಡುತ್ತದೆ ಎಂಬುದನ್ನೂ ಮರೆಯಬಾರದು. ಈ ಡೇರಿ ಸರಿಯಿಲ್ಲ ಎಂದರೆ ಪಕ್ಕದ ಖಾಸಗಿ ಡೇರಿಗೆ ಹಾಲು ಹಾಕಬಹುದು. ಚೆಸ್ ಆಟಗಾರನಿಗೆ ಪಕ್ಕದ ಡೇರಿ ಇಲ್ಲ. ಬೇರೆ ಸಂಸ್ಥೆಯ ಟೂರ್ನಿಯಲ್ಲಿ ಆಡಿದ್ದಕ್ಕೆ ನಿಷೇಧಕ್ಕೆ ಒಳಗಾಗಿ, ರೇಟಿಂಗ್ ಕಳೆದುಕೊಂಡ ನಾಲ್ವರು ಆಟಗಾರರು ಭಾರತೀಯ ಸ್ಪರ್ಧಾ ಆಯೋಗದ ಮೊರೆಹೋದರು. ಆಯೋಗ 2018ರ ಜುಲೈನಲ್ಲಿ ಫೆಡರೇಷನ್‌ಗೆ 6.92 ಲಕ್ಷ ರೂಪಾಯಿ ದಂಡ ಹಾಕಿತು, ಆಟಗಾರರಿಂದ ಬರೆಸಿಕೊಳ್ಳುತ್ತಿದ್ದ ಮುಚ್ಚಳಿಕೆಯನ್ನು ತಪ್ಪು ಎಂದಿತು. ಸಿಮೆಂಟ್ ಕಂಪನಿಗಳನ್ನು ವಿಚಾರಿಸುವ ಆಯೋಗ ಅದು! ಆಟಗಾರ ಅಲ್ಲಿಗೆ ಹೋಗಬೇಕಾಗಿ ಬಂದದ್ದು ಯಾಕೆ? ತನ್ನದೇ ಮನೆಯೊಳಗೆ ಅವನಿಗೆ ಮತ ಇರಲಿಲ್ಲ, ಅವನ ಪರ ಮಾತಾಡಿ ಮತ ಕೇಳುವ ಎದುರು ಬಣದ ಸುಳಿವೂ ಇರಲಿಲ್ಲ.

ಮತ ಯಾರಿಗೆ ಎಂಬುದೇ ಮೂಲ ರೋಗ. ಹಾಲು ಉತ್ಪಾದಕರ ಸಂಘದಲ್ಲಿ ಎಂಥ ರಾಜಕೀಯ ಇರಲಿ, ಒಂದು ನಿಯಮ ಗಟ್ಟಿ: ವರ್ಷದಲ್ಲಿ ಇಂತಿಷ್ಟು ದಿನ ಹಾಲು ಹಾಕಿದವನಿಗೇ ಮತ. ಷೇರು ಇಟ್ಟುಕೊಂಡು ಹಸು ಮಾರಿದವನ ಹೆಸರು ಪಟ್ಟಿಯಿಂದ ಹೋಗುತ್ತದೆ. ಚದುರಂಗದಲ್ಲಿ ಉಲ್ಟಾ. ಟೂರ್ನಿಯ ಪ್ರವೇಶ ಶುಲ್ಕ ಕಟ್ಟುವುದು, ಐದು ದಿನ ಹೋಟೆಲ್ ರೂಮಿನ ಬಾಡಿಗೆ ಕಟ್ಟುವುದು ಆಟಗಾರರ ಮನೆಯವರು. ಮತ ಹಾಕುವವರು ರಾಜ್ಯ ಸಂಸ್ಥೆ ಕಳಿಸಿದ ಇಬ್ಬರು. ಅವರು ಕುದುರೆ ನಡೆ ಮರೆತು ಎಷ್ಟು ವರ್ಷವಾಗಿದ್ದರೂ ಅಡ್ಡಿಯಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಕಾರ್ಯಕಾರಿ ಸಮಿತಿಯಲ್ಲಿ ಆಟಗಾರರಿಗೂ ಮಹಿಳೆಯರಿಗೂ ಜಾಗ ಕೊಡಬೇಕು, ಚುನಾವಣೆಗೆ ಮೇಲ್ವಿಚಾರಕರ ಪಟ್ಟಿ ಇರಬೇಕು ಎನ್ನುತ್ತದೆ. ಒಳ್ಳೆಯದು. ಆದರೆ ಮೇಲ್ವಿಚಾರಕ ನೋಡುವುದು ಬಂದ ನಾಮಪತ್ರ ಸರಿಯಾಗಿದೆಯೇ ಎಂದು. ಎರಡನೆಯ ನಾಮಪತ್ರ ಯಾಕೆ ಬರಲಿಲ್ಲ ಎಂದು ಕೇಳುವ ಅಧಿಕಾರಿ ಯಾವ ಕಾಯ್ದೆಯಲ್ಲೂ ಇಲ್ಲ.

ಕರ್ನಾಟಕದ್ದೇ ಮಾತಾಡೋಣ. ಮುಮ್ಮಡಿ ಕೃಷ್ಣರಾಜ ಒಡೆಯರು ಅರವತ್ತನಾಲ್ಕು ಮನೆಯಲ್ಲೂ ಕುದುರೆ ಒಂದೊಂದೇ ಸಲ ಕಾಲಿಡುವ ಬಂಧಗಳನ್ನು ಕಟ್ಟಿದ ನಾಡು ಇದು. ಆಟದ ಚರಿತ್ರೆ ಬರೆಯುವವರು ಇವತ್ತೂ ಅವರ ಹೆಸರು ಹೇಳುತ್ತಾರೆ. ಆದರೆ ನಮ್ಮ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ಎಂ.ಎಸ್. ತೇಜ್‌ಕುಮಾರ್, ಬಂದದ್ದು 2017ರಲ್ಲಿ. ಪಕ್ಕದ ತಮಿಳುನಾಡಿನ ಆನಂದ್ ಆ ಪದವಿ ಪಡೆದು ಅಷ್ಟೊತ್ತಿಗೆ ಮೂವತ್ತು ವರ್ಷವಾಗುತ್ತಾ ಬಂದಿತ್ತು. ಬುಡಾಪೆಸ್ಟ್‌ನಲ್ಲಿ ಚಿನ್ನ ಗೆದ್ದ ಎರಡೂ ತಂಡಗಳ ಹತ್ತು ಆಟಗಾರರಲ್ಲಿ ಕರ್ನಾಟಕದವರು ಒಬ್ಬರೂ ಇಲ್ಲ. ಇದಕ್ಕೆ ಫೆಡರೇಷನ್ ಒಂದೇ ಕಾರಣ ಎಂದರೆ ಅನ್ಯಾಯ. ಆದರೆ ಸ್ಪರ್ಧೆ ಇದ್ದಿದ್ದರೆ ಯಾರಾದರೂ ನಮ್ಮ ಎರಡು ಮತ ಕೇಳಿಕೊಂಡು ಬರುತ್ತಿದ್ದರು. ಬಂದವರನ್ನು ನಾವು ಕೇಳಬಹುದಿತ್ತು: ಅರಸೀಕೆರೆ, ಬೇಲೂರಿನಂಥ ಊರಿನ ಮಗು ರೇಟಿಂಗ್ ಟೂರ್ನಿ ಎಂದರೆ ಬೆಂಗಳೂರು, ಮೈಸೂರು, ಶಿವಮೊಗ್ಗ ಎಂದೇ ಯಾಕೆ ಓಡಬೇಕು? ಜಂಕ್ಷನ್ ಇರುವ ಊರಿನಲ್ಲಿ ವರ್ಷಕ್ಕೊಂದಾದರೂ ಟೂರ್ನಿ ಯಾಕಿಲ್ಲ? ಹಳೇಬೀಡಿನ ಸರ್ಕಾರಿ ಶಾಲೆಗೆ ಹತ್ತು ಗಡಿಯಾರ ಕೊಡಿಸುತ್ತೀರಾ? ಅವಿರೋಧ ಆಯ್ಕೆಯಲ್ಲಿ ನಮ್ಮ ಮತಕ್ಕೆ ಗಿರಾಕಿ ಇಲ್ಲ. ಗಿರಾಕಿ ಇಲ್ಲದ ಮಾಲಿಗೆ ಧಾರಣೆ ಎಲ್ಲಿಂದ ಬಂದೀತು?

ಎದುರು ವಾದ ಇಲ್ಲದಿಲ್ಲ. ಚುನಾವಣೆ ಎಂದರೆ ಕೋರ್ಟು, ವಕೀಲರ ಫೀಸು, ಎರಡು ಬಣ, ಎರಡು ಟೂರ್ನಿ, ನಡುವೆ ಮಕ್ಕಳ ಗೋಳು. ಇದು ಸುಳ್ಳಲ್ಲ. ಬಹಳ ಹಿಂದೆ ಎರಡು ಸಂಘಗಳು ಒಂದೇ ವಯೋಮಿತಿಗೆ ಎರಡು ಆಯ್ಕೆ ಟೂರ್ನಿ ನಡೆಸಿ, ನಾನು ಕರೆದೊಯ್ದಿದ್ದ ಹುಡುಗರು ಗೆದ್ದು ಬಂದ ಕಪ್ಪಿಗೆ ಬೆಲೆಯೇ ಇಲ್ಲ ಎಂದು ಆಮೇಲೆ ಗೊತ್ತಾದದ್ದನ್ನು ನಾನೂ ಅನುಭವಿಸಿದ್ದೇನೆ. ವಾಪಸು ಬರುವ ಬಸ್ಸಿನಲ್ಲಿ ಆ ಮಕ್ಕಳಿಗೆ ಏನು ಹೇಳಿದೆ ಎಂದು ಈಗ ನೆನಪಿಲ್ಲ. ಆದರೆ ಅದು ಚುನಾವಣೆ ನಡೆದದ್ದರ ಫಲವಲ್ಲ, ನಡೆಯಬೇಕಾದಾಗ ನಡೆಯದೆ ಬೇಲಿ ಹಾರಿ ಆಚೆ ಇನ್ನೊಂದು ಸಂಘ ಕಟ್ಟಿದ್ದರ ಫಲ. ಮನೆಯೊಳಗೆ ಸೋಲಲು ಜಾಗ ಇದ್ದವನು ಇನ್ನೊಂದು ಮನೆ ಕಟ್ಟುವುದಿಲ್ಲ. 2022ರ ಆಗಸ್ಟ್‌ನಲ್ಲಿ ಚೆನ್ನೈಯಲ್ಲೇ ಫಿಡೆ ಅಧ್ಯಕ್ಷರ ಚುನಾವಣೆ ನಡೆಯಿತು: ಅರ್ಕಾಡಿ ಡ್ವೊರ್ಕೊವಿಚ್‌ಗೆ 157 ಮತ, ಎದುರು ನಿಂತ ಉಕ್ರೇನಿನ ಆಂದ್ರಿ ಬರಿಶ್ಪೊಲೆಟ್ಸ್‌ಗೆ 16. ಸೋಲು ಖಚಿತವಿದ್ದರೂ ಬರಿಶ್ಪೊಲೆಟ್ಸ್ ನಿಂತರು, ತಮ್ಮ ಮಾತು ಹೇಳಿದರು, ಸೋತರು. ಡ್ವೊರ್ಕೊವಿಚ್ ಜೊತೆ ಉಪಾಧ್ಯಕ್ಷರಾಗಿ ಗೆದ್ದ ನಮ್ಮ ಆನಂದ್ ಕೂಡ ಸ್ಪರ್ಧೆ ಎದುರಿಸಿಯೇ ಗೆದ್ದರು. ಅದರಿಂದ ಅವರ ಗೌರವಕ್ಕೆ ಎಳ್ಳಷ್ಟೂ ಕುಂದು ಬರಲಿಲ್ಲ.

ಇನ್ನು ಕೆಲವರದು ‘ಗ್ರ್ಯಾಂಡ್‌ಮಾಸ್ಟರ್ ಒಬ್ಬರನ್ನು ಅವಿರೋಧವಾಗಿ ಕೂರಿಸಿಬಿಡಿ, ಎಲ್ಲ ಸರಿಹೋಗುತ್ತೆ’ ಎಂಬ ಆಸೆ. ವಿಶ್ವ ಚಾಂಪಿಯನ್ ಆಗಿದ್ದ ಮ್ಯಾಕ್ಸ್ ಯೂವೆ 1970ರಿಂದ 78ರವರೆಗೆ ಫಿಡೆ ನಡೆಸಿದ್ದು ನಿಜ. ಕ್ಯಾಸ್ಪರೋವ್ 2014ರಲ್ಲಿ ನಿಂತು 110ಕ್ಕೆ 61ರಲ್ಲಿ ಸೋತದ್ದೂ ನಿಜ. ದೊಡ್ಡ ಆಟಗಾರ ಒಳ್ಳೆಯ ಅಧ್ಯಕ್ಷ ಆಗಬಹುದು, ಆಗದೆಯೂ ಇರಬಹುದು. ಅವನನ್ನೂ ನಾಲ್ಕು ಪ್ರಶ್ನೆ ಕೇಳಿಯೇ ಕೂರಿಸಬೇಕು. ಹಾರ ಹಾಕಿದವರು ಪ್ರಶ್ನೆ ಕೇಳುವುದಿಲ್ಲ.

ಬೇಲೂರಿಗೆ ಹೋದವರು ಮದನಿಕೆಯರನ್ನು ನೋಡಿ ಬರುತ್ತಾರೆ, ಪೀಠದ ಅಕ್ಷರ ನೋಡುವವರು ಕಡಿಮೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಇಲ್ಲಿ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ಹೊಯ್ಸಳರ ಗುಡಿಗಳಲ್ಲಿ ಹೀಗೆ ರುಜು ಹಾಕಿದ ಕೈಗಳು ಇನ್ನೂ ಎಷ್ಟೋ. ಇದು ನಾನು ಮಾಡಿದ್ದು, ಚೆನ್ನಾಗಿದ್ದರೂ ಕೆಟ್ಟಿದ್ದರೂ ನನ್ನದು ಎಂದು ಒಂಬೈನೂರು ವರ್ಷದಿಂದ ಕಲ್ಲು ಹೇಳುತ್ತಿದೆ. ಆದರೆ 2021ರ ಅರವತ್ತನಾಲ್ಕು ಮತಗಳಲ್ಲಿ ಯಾವ ರಾಜ್ಯದ್ದು ಯಾವ ಕಡೆ ಬಿತ್ತು ಎಂದು ಆ ರಾಜ್ಯದ ಆಟಗಾರನಿಗೇ ಯಾರೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಗುಪ್ತ ಮತದಾನ ಪ್ರಜೆಗೆ ಇರುವ ರಕ್ಷಣೆ, ಪ್ರತಿನಿಧಿಗಲ್ಲ. ರಾಜ್ಯದ ಹೆಸರಿನಲ್ಲಿ ಹಾಕುವ ಮತ ರಾಜ್ಯದ ಆಟಗಾರರ ಸಭೆಯಲ್ಲಿ ತೀರ್ಮಾನವಾಗಲಿ. ಜಿಲ್ಲೆಗೆ ಇಷ್ಟೆಂದು ನೋಂದಾಯಿತ ವಯಸ್ಕ ಆಟಗಾರರೂ ಮಕ್ಕಳ ಪೋಷಕರೂ ಆ ಸಭೆಯಲ್ಲಿ ಕೂರಲಿ. ಸ್ಪರ್ಧೆಗೆ ನಿಂತವರು ಅಲ್ಲಿಗೆ ಬಂದು ಮಾತಾಡಲಿ. ಒಬ್ಬರೇ ನಿಂತಿದ್ದರೂ ಬರಲಿ, ಅವರಿಗೂ ‘ಬೇಡ’ ಎನ್ನುವ ಮತ ಇರಲಿ.

ಮುಂದಿನ ಅವಧಿಯ ಚುನಾವಣೆಗೆ ಇನ್ನೂ ಹೊತ್ತಿದೆ. ಊರಾಚೆಯ ಹಳ್ಳಿಯ ಹುಡುಗಿಯೊಬ್ಬಳು ನನ್ನ ಹತ್ತಿರ ಆಟ ಕಲಿಯುತ್ತಾಳೆ. ರೇಟಿಂಗ್ ಟೂರ್ನಿ ಇದ್ದಾಗ ಬೆಳಗಿನ ಜಾವದ ರೈಲು ಹಿಡಿಯುತ್ತಾಳೆ. ಅವಳ ತಾಯಿ ಡೇರಿಗೆ ಹಾಲು ಹಾಕುವವರು. ಮೊನ್ನೆ ಡೇರಿ ಚುನಾವಣೆಯ ಮತದಾರರ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ಆಕೆ ತಮ್ಮ ಹೆಸರನ್ನು ಬೆರಳಿಟ್ಟು ಹುಡುಕಿ ತೋರಿಸಿ, ಮಗಳ ಆಟದ ಸಂಘಕ್ಕೆ ಯಾರು ಓಟು ಹಾಕುತ್ತಾರೆ ಎಂದು ಕೇಳಿದರು. ಇಡೀ ರಾಜ್ಯಕ್ಕೆ ಇಬ್ಬರು ಎಂದೆ.

‘ಹಂಗಾದ್ರೆ ಆ ಇಬ್ರು ಹೆಸ್ರುನ್ನೂ ಎಲ್ಲಾದ್ರೂ ಗೋಡೆಗೆ ಅಂಟ್ಸೋಕೆ ಹೇಳಿ ಮೇಷ್ಟ್ರೇ’ ಎಂದು ಕ್ಯಾನು ತೊಳೆಯಲು ನಲ್ಲಿಯ ಕಡೆ ಹೋದರು.